ಐದು ಸ್ಪೀಕರ್ ಕೊಳ್ಳುವ ಮುಂಚೆ ಎರಡು ಕಿವಿಯ ಕಥೆ: ಸ್ಟೀರಿಯೋ ಕೊಟ್ಟುಹೋದ ಅಲನ್ ಬ್ಲಮ್‌ಲೈನ್

ಕೆಲವು ವರ್ಷಗಳ ಹಿಂದೆ ನಿಮ್ಮ ವಾಟ್ಸಾಪ್‌ಗೂ ಒಂದು ಆಡಿಯೋ ಬಂದಿರಬಹುದು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ, ಹಾಡು ನಿಮ್ಮ ತಲೆಯ ಸುತ್ತ ತಿರುಗುತ್ತದೆ, ಇದು 8ಡಿ ತಂತ್ರಜ್ಞಾನ, ಇದನ್ನು ಕಿವಿಯಿಂದಲ್ಲ ಮಿದುಳಿನಿಂದ ಕೇಳುತ್ತೀರಿ ಎಂದೆಲ್ಲ ಅದರ ಜೊತೆಗೆ ಬರೆದಿತ್ತು. ನಮ್ಮ ಫ್ಯಾಮಿಲಿ ಗ್ರೂಪಿಗೆ ಅದು ಒಂದೇ ವಾರದಲ್ಲಿ ನಾಲ್ಕು ಸಲ ಬಂತು. ಹಾಡು ತಿರುಗಿದಂತೆ ಕೇಳಿಸಿದ್ದು ನಿಜ. ಆದರೆ 8ಡಿ ಎಂಬ ಹೆಸರಿಗೆ ಅರ್ಥವೇ ಇಲ್ಲ. ಆ ಫೈಲಿನಲ್ಲಿ ಇದ್ದದ್ದು ಎರಡೇ ಚಾನೆಲ್, ಎಡಗಿವಿಗೊಂದು ಬಲಗಿವಿಗೊಂದು. ಸದ್ದನ್ನು ಒಂದು ಕಡೆ ಏರಿಸಿ ಇನ್ನೊಂದು ಕಡೆ ಇಳಿಸುತ್ತಾ, ಮೇಲೊಂದಿಷ್ಟು ಪ್ರತಿಧ್ವನಿ ಸೇರಿಸಿದ್ದರು. ಅಷ್ಟೇ.

ಹೋಮ್ ಥಿಯೇಟರ್ ಕೊಳ್ಳಲು ಅಂಗಡಿಗೆ ಹೋದರೂ ಇಂಥದ್ದೇ ಸಂಖ್ಯೆಗಳ ಆಟ. 5.1, 7.1, ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಾರು ವ್ಯಾಟ್. ಸ್ಪೀಕರ್ ಹೆಚ್ಚಿದ್ದಷ್ಟೂ, ವ್ಯಾಟ್ ಹೆಚ್ಚಿದ್ದಷ್ಟೂ ಥಿಯೇಟರಿನ ಅನುಭವ ಮನೆಗೇ ಬರುತ್ತದೆ ಎಂದು ನಾವೂ ನಂಬಿಬಿಡುತ್ತೇವೆ. ಆದರೆ ಶಬ್ದ ಎಡದಿಂದ ಬಂತೋ ಬಲದಿಂದ ಬಂತೋ ಎಂದು ನಮಗೆ ಹೇಗೆ ತಿಳಿಯುತ್ತದೆ, ಅದನ್ನು ಸ್ಪೀಕರ್‌ಗಳಿಂದ ಹೇಗೆ ಹುಟ್ಟಿಸಬೇಕು ಎಂಬ ಲೆಕ್ಕವನ್ನು ಒಬ್ಬ ಎಂಜಿನಿಯರ್ 1931ರಲ್ಲೇ ಬರೆದಿಟ್ಟಿದ್ದರು. ಅವರ ಹೆಸರು ಅಲನ್ ಡೋವರ್ ಬ್ಲಮ್‌ಲೈನ್. ಅವರ ಬದುಕಿನ ಕಥೆ ಗೊತ್ತಿದ್ದರೆ ಅಂಗಡಿಯಲ್ಲಿ ಯಾವ ಪ್ರಶ್ನೆ ಕೇಳಬೇಕು ಎಂಬುದು ಅರ್ಧ ಗೊತ್ತಾದ ಹಾಗೆ.

ಕರೆಗಂಟೆಯ ಬಿಲ್ಲು

ಬ್ಲಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದ ಗಣಿ ಎಂಜಿನಿಯರ್. ತಾಯಿ ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮಾಡಿದ ಸ್ಕಾಟ್ಲೆಂಡಿನ ಮಿಷನರಿಯೊಬ್ಬರ ಮಗಳು. ಏಳನೇ ವಯಸ್ಸಿನಲ್ಲಿ ಮನೆಯ ಕರೆಗಂಟೆ ರಿಪೇರಿ ಮಾಡಿ, ಅಪ್ಪನಿಗೇ ಬಿಲ್ಲು ಬರೆದು ಕೊಟ್ಟ ಹುಡುಗ ಇವರು. ಬಿಲ್ಲಿನ ಕೆಳಗೆ ತನ್ನ ಹೆಸರಿನ ಮುಂದೆ ಎಲೆಕ್ಟ್ರಿಕಲ್ ಎಂಜಿನಿಯರ್ ಎಂದೂ ಬರೆದುಕೊಂಡಿದ್ದ. ತಮಾಷೆ ಎಂದರೆ, 12 ವರ್ಷದವರೆಗೂ ಆತನಿಗೆ ಸರಾಗವಾಗಿ ಓದಲು ಬರುತ್ತಿರಲಿಲ್ಲ ಎಂದು ಅವನ ಅಕ್ಕ ಮುಂದೆ ನೆನಪಿಸಿಕೊಂಡಿದ್ದಾರೆ. ಓದು ತಡವಾದ ಮಕ್ಕಳ ಅಪ್ಪ ಅಮ್ಮಂದಿರು ಈ ಸಾಲನ್ನು ಬೇಕಾದರೆ ಫಾರ್ವರ್ಡ್ ಮಾಡಿಕೊಳ್ಳಿ.

ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿನಲ್ಲಿ ಮೊದಲ ದರ್ಜೆಯಲ್ಲಿ ಪದವಿ ಮುಗಿಸಿ, 1924ರಲ್ಲಿ ಟೆಲಿಫೋನ್ ಉಪಕರಣ ತಯಾರಿಸುವ ಕಂಪನಿ ಸೇರಿದರು. ಆಗ ದೂರದ ಊರುಗಳ ಟೆಲಿಫೋನ್ ತಂತಿಗಳಲ್ಲಿ ಒಂದು ಕಾಟವಿತ್ತು. ಪಕ್ಕಪಕ್ಕದ ತಂತಿಗಳ ಮಾತು ಒಂದಕ್ಕೊಂದು ಸೋರಿ, ಒಬ್ಬರ ಸಂಭಾಷಣೆ ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಎರಡು ಸಂಕೇತಗಳನ್ನು ಒಟ್ಟಿಗೇ ಕಳುಹಿಸಿ ಒಂದರಲ್ಲೊಂದು ಬೆರೆಯದಂತೆ ಕಾಪಾಡುವುದು ಹೇಗೆ ಎಂಬ ಪಾಠ ಅವರಿಗೆ ಸಿಕ್ಕಿದ್ದು ಅಲ್ಲಿ. ಮುಂದೆ ಅವರು ಮಾಡಿದ ದೊಡ್ಡ ಕೆಲಸಗಳಲ್ಲೆಲ್ಲ ಆ ಪಾಠದ ನೆರಳಿದೆ.

1929ರಲ್ಲಿ ಕೊಲಂಬಿಯಾ ಗ್ರಾಫೋಫೋನ್ ಕಂಪನಿಗೆ ಬಂದರು. ರೆಕಾರ್ಡ್ ಕೆತ್ತುವ ಯಂತ್ರದ ಪೇಟೆಂಟ್ ಅಮೆರಿಕದ ಬೆಲ್ ಪ್ರಯೋಗಾಲಯದ ಕಡೆಯವರ ಬಳಿ ಇತ್ತು. ಅದನ್ನು ಮುಟ್ಟದೆ ಬೇರೆಯದೇ ಯಂತ್ರ ಮಾಡಿಕೊಡುವುದು ಇವರಿಗೆ ಸಿಕ್ಕ ಮೊದಲ ಕೆಲಸ. ಮಾಡಿಕೊಟ್ಟರು. 1931ರಲ್ಲಿ ಈ ಕಂಪನಿ ಇನ್ನೊಂದರ ಜೊತೆ ಸೇರಿ ಇಎಂಐ ಆಯಿತು.

ಸಿನಿಮಾ ಮಂದಿರದಲ್ಲಿ ಹುಟ್ಟಿದ ಯೋಚನೆ

1931ರ ಆರಂಭದಲ್ಲಿ ಬ್ಲಮ್‌ಲೈನ್ ಮುಂದೆ ತನ್ನ ಹೆಂಡತಿಯಾಗಲಿದ್ದ ಡೋರೀನ್ ಜೊತೆ ಸಿನಿಮಾ ನೋಡಲು ಹೋಗಿದ್ದರು. ಮಾತಿನ ಚಿತ್ರಗಳು ಬಂದು ಕೆಲವೇ ವರ್ಷವಾಗಿತ್ತು. ಶಬ್ದವೆಲ್ಲ ಒಂದೇ ಚಾನೆಲ್. ನಟ ಪರದೆಯ ಎಡತುದಿಯಲ್ಲಿ ನಿಂತು ಮಾತಾಡಿದರೂ ದನಿ ಮಾತ್ರ ಸ್ಪೀಕರ್ ಇಟ್ಟ ಜಾಗದಿಂದಲೇ. ಎಲ್ಲರೂ ಇದನ್ನು ಸಹಿಸಿಕೊಂಡು ಸಿನಿಮಾ ನೋಡುತ್ತಿದ್ದರು. ಬ್ಲಮ್‌ಲೈನ್ ಮಾತ್ರ ದನಿ ನಟನ ಹಿಂದೆಯೇ ಓಡಾಡುವಂತೆ ಮಾಡಲು ತನಗೊಂದು ದಾರಿ ಹೊಳೆದಿದೆ ಎಂದು ಡೋರೀನ್‌ಗೆ ಹೇಳಿದರಂತೆ.

ಆ ದಾರಿ ಏನು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಸ್ಪೀಕರ್ ಆಯ್ಕೆಯ ಮೂಲವೆಲ್ಲ ಇಲ್ಲೇ ಇದೆ.

ನಿಮ್ಮ ಎಡಗಡೆ ಯಾರೋ ಚಪ್ಪಾಳೆ ತಟ್ಟುತ್ತಾರೆ ಎಂದುಕೊಳ್ಳಿ. ಆ ಶಬ್ದ ಎಡಗಿವಿಗೆ ಮೊದಲು ತಲುಪಿ, ಬಲಗಿವಿಗೆ ಕೊಂಚ ತಡವಾಗಿ ತಲುಪುತ್ತದೆ. ತಡ ಎಂದರೆ ಎಷ್ಟು? ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಜೊತೆಗೆ ತಲೆ ಅಡ್ಡ ಬರುವುದರಿಂದ ಬಲಗಿವಿಗೆ ಶಬ್ದ ಸ್ವಲ್ಪ ಮೆಲ್ಲಗೆ ಕೇಳುತ್ತದೆ. ದಪ್ಪ ಶಬ್ದಗಳಲ್ಲಿ ಸಮಯದ ವ್ಯತ್ಯಾಸ, ಕೀರಲು ಶಬ್ದಗಳಲ್ಲಿ ಜೋರಿನ ವ್ಯತ್ಯಾಸ, ಈ ಎರಡನ್ನು ಹಿಡಿದು ಮಿದುಳು ದಿಕ್ಕನ್ನು ಲೆಕ್ಕ ಹಾಕುತ್ತದೆ.

ಹಾಗಾದರೆ ಎರಡು ಸ್ಪೀಕರ್ ಇಟ್ಟು ಒಂದರಲ್ಲಿ ಶಬ್ದವನ್ನು ತಡ ಮಾಡಿದರೆ ಸಾಕಲ್ಲವೇ ಎನಿಸಬಹುದು. ಸಮಸ್ಯೆ ಏನೆಂದರೆ ಹೆಡ್‌ಫೋನಿನಲ್ಲಿ ಎಡದ ಶಬ್ದ ಎಡಗಿವಿಗೆ ಮಾತ್ರ ಹೋಗುತ್ತದೆ, ಸ್ಪೀಕರಿನಲ್ಲಿ ಹಾಗಲ್ಲ. ಎಡ ಸ್ಪೀಕರಿನ ಶಬ್ದ ಬಲಗಿವಿಗೂ ಹೋಗುತ್ತದೆ, ಬಲದ್ದು ಎಡಗಿವಿಗೂ ಬರುತ್ತದೆ. ನಾಲ್ಕು ದಾರಿಗಳ ಗೋಜಲು. ಬ್ಲಮ್‌ಲೈನ್ ಈ ಗೋಜಲನ್ನೇ ಉಪಯೋಗಕ್ಕೆ ತಂದುಕೊಂಡರು. ಎರಡೂ ಸ್ಪೀಕರಿನಿಂದ ಒಂದೇ ಶಬ್ದ ಒಂದೇ ಹೊತ್ತಿಗೆ ಹೊರಡಲಿ, ಜೋರಿನಲ್ಲಿ ಮಾತ್ರ ವ್ಯತ್ಯಾಸ ಇರಲಿ. ಆಗ ಈ ನಾಲ್ಕು ದಾರಿಯ ಅಲೆಗಳು ಕಿವಿಯ ಬಳಿ ಕೂಡಿಕೊಂಡು, ದಪ್ಪ ಶಬ್ದಗಳಲ್ಲಿ ತಾವಾಗಿಯೇ ಸಮಯದ ವ್ಯತ್ಯಾಸದಂತೆ ಕಾಣಿಸಿಕೊಳ್ಳುತ್ತವೆ ಎಂದು ಗಣಿತದಿಂದ ತೋರಿಸಿದರು. ಸ್ಪೀಕರ್ ಇಲ್ಲದ ಜಾಗದಲ್ಲೂ ಗಾಯಕಿ ನಿಂತಂತೆ ಕೇಳಿಸುತ್ತದಲ್ಲ, ಆ ಭ್ರಮೆಯ ಗುಟ್ಟು ಇದೇ.

ಇದೆಲ್ಲವನ್ನೂ ಸೇರಿಸಿ 1931ರ ಡಿಸೆಂಬರ್ 14ರಂದು ಪೇಟೆಂಟಿಗೆ ಅರ್ಜಿ ಹಾಕಿದರು. 1933ರ ಜೂನ್‌ನಲ್ಲಿ ಅದು ಮಂಜೂರಾಯಿತು, ಸಂಖ್ಯೆ 394325. ಅದರಲ್ಲಿ 70 ಹಕ್ಕುಸಾಧನೆಗಳಿದ್ದವು. ಎರಡು ಮೈಕುಗಳನ್ನು ಒಂದೇ ಜಾಗದಲ್ಲಿ ಲಂಬಕೋನಕ್ಕೆ ತಿರುಗಿಸಿ ಇಡುವುದು, ರೆಕಾರ್ಡ್ ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ಚಾನೆಲ್ ಕೆತ್ತುವುದು, ಹೀಗೆ. ಆಗಿನ್ನೂ ಅವರಿಗೆ 28 ವರ್ಷ. ನನ್ನ ವಯಸ್ಸೂ ಹೆಚ್ಚು ಕಡಿಮೆ ಅಷ್ಟೇ, ಅದರ ಬಗ್ಗೆ ಹೆಚ್ಚು ಯೋಚಿಸದಿರುವುದೇ ಒಳ್ಳೆಯದು.

ಈಗ ನಿಮ್ಮ ಹಾಲಿಗೆ ಬನ್ನಿ. ಈ ಭ್ರಮೆ ಕೆಲಸ ಮಾಡಬೇಕಾದರೆ ಎಡ ಬಲ ಸ್ಪೀಕರ್ ಎರಡೂ ತದ್ರೂಪಿ ಆಗಿರಬೇಕು. ಹಳೆಯದೊಂದು, ಹೊಸದೊಂದು ಜೋಡಿಸಿದರೆ ಕೆಡುತ್ತದೆ. ನೀವು ಕೂರುವ ಜಾಗ ಮತ್ತು ಎರಡು ಸ್ಪೀಕರ್ ಸೇರಿ ಸಮಬಾಹು ತ್ರಿಕೋನ ಆಗಬೇಕು, ಅಂದರೆ ನಿಮ್ಮ ಮೂಗಿನ ನೇರದಿಂದ ಎರಡೂ ಕಡೆ 30 ಡಿಗ್ರಿ. ಸಣ್ಣ ಗಾತ್ರದ ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಒಂದು ಸ್ಪೀಕರನ್ನು ಶೋಕೇಸಿನ ಒಳಗೆ, ಇನ್ನೊಂದನ್ನು ಕಿಟಕಿಯ ಮೇಲೆ ಇಟ್ಟು ದುಬಾರಿ ಸೆಟ್ಟನ್ನು ಬೈದು ಪ್ರಯೋಜನವಿಲ್ಲ.

ಮಧ್ಯದ ಸ್ಪೀಕರ್ ಯಾಕೆ?

1934ರ ಜನವರಿಯಲ್ಲಿ ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಿರ್ದೇಶನದ ಆರ್ಕೆಸ್ಟ್ರಾ ಮೊಝಾರ್ಟ್‌ನ ಜುಪಿಟರ್ ಸಿಂಫನಿ ನುಡಿಸುವಾಗ ಬ್ಲಮ್‌ಲೈನ್ ತಂಡ ಅದನ್ನು ಎರಡು ಚಾನೆಲ್‌ನಲ್ಲಿ ಮುದ್ರಿಸಿತು. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನಾ ತೆರೆಗೆ ಬಂದದ್ದೂ ಅದೇ ವರ್ಷ. 1935ರಲ್ಲಿ ಅವರು ಸಿನಿಮಾ ಪ್ರಯೋಗಗಳನ್ನೂ ಮಾಡಿದರು. ಒಂದರಲ್ಲಿ ಜನ ವೇದಿಕೆಯ ಮೇಲೆ ಅತ್ತಿಂದಿತ್ತ ಮಾತಾಡುತ್ತಾ ನಡೆಯುತ್ತಾರೆ. ಇನ್ನೊಂದರಲ್ಲಿ ಇಎಂಐ ಕಾರ್ಖಾನೆ ಇದ್ದ ಹೇಯ್ಸ್ ಊರಿನ ರೈಲು ನಿಲ್ದಾಣದಲ್ಲಿ ಉಗಿಬಂಡಿಗಳು ಪರದೆಯ ಒಂದು ಬದಿಯಿಂದ ಇನ್ನೊಂದಕ್ಕೆ ಹಾಯುತ್ತವೆ, ಸದ್ದೂ ಅವುಗಳ ಜೊತೆಗೇ ಹೋಗುತ್ತದೆ. ಸಿನಿಮಾ ಮಂದಿರದಲ್ಲಿ ಹೇಳಿದ ಮಾತನ್ನು ಮಾಡಿ ತೋರಿಸಿದ್ದರು.

ಆದರೆ ಕಂಪನಿಗೆ ಅದು ಬೇಕಿರಲಿಲ್ಲ. ಆರ್ಥಿಕ ಕುಸಿತದ ಕಾಲ, ಎಲ್ಲರ ಕಣ್ಣು ಹೊಸದಾಗಿ ಬರುತ್ತಿದ್ದ ಟೆಲಿವಿಷನ್ ಮೇಲಿತ್ತು. ಸ್ಟೀರಿಯೋ ಪ್ರಯೋಗಗಳು ಕಪಾಟು ಸೇರಿದವು.

ಅದೇ ಹೊತ್ತಿಗೆ ಅಮೆರಿಕದ ಬೆಲ್ ಪ್ರಯೋಗಾಲಯದವರು ಬೇರೆ ದಾರಿಯಲ್ಲಿ ಇದನ್ನೇ ಹುಡುಕುತ್ತಿದ್ದರು. 1933ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕೇಳಿಸಿದರು. ಅವರು ಬಳಸಿದ್ದು ಮೂರು ಚಾನೆಲ್, ಎಡ, ಮಧ್ಯ, ಬಲ. ಮಧ್ಯದ್ದು ಯಾಕೆಂದರೆ ಸಭಾಂಗಣದಲ್ಲಿ ಎಲ್ಲರೂ ನಟ್ಟನಡುವೆ ಕೂರುವುದಿಲ್ಲ. ಎರಡೇ ಸ್ಪೀಕರ್ ಇದ್ದಾಗ ಪಕ್ಕಕ್ಕೆ ಕೂತವರಿಗೆ ನಡುವಿನ ದನಿ ಹತ್ತಿರದ ಸ್ಪೀಕರಿನ ಕಡೆ ಜಾರಿಬಿಡುತ್ತದೆ.

ನಮ್ಮ ಮನೆಗಳಲ್ಲೂ ಅದೇ. ಸೋಫಾದ ನಡುವೆ ಒಬ್ಬರೇ ಕೂತು ಸಿನಿಮಾ ನೋಡುವುದು ಎಲ್ಲಿ? ಅಜ್ಜಿ ಮೂಲೆಯ ಕುರ್ಚಿಯಲ್ಲಿ, ಮಕ್ಕಳು ನೆಲದ ಮೇಲೆ. ಸಿನಿಮಾದ ಸಂಭಾಷಣೆಯ ಬಹುಪಾಲು ಬರುವುದು ಮಧ್ಯದ ಸ್ಪೀಕರಿನಿಂದ. ಹಾಡು ಕಿವಿಗೆ ಅಪ್ಪಳಿಸುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ ಎಂಬ ದೂರು ನಿಮ್ಮ ಮನೆಯಲ್ಲೂ ಇದ್ದರೆ ಮೊದಲು ಆ ಸ್ಪೀಕರನ್ನು ನೋಡಿ. ಅಗ್ಗದ ಸೆಟ್ಟುಗಳಲ್ಲಿ ಅತ್ಯಂತ ಚಿಕ್ಕದಾಗಿ ಇರುವುದು ಅದೇ. ಮುಂದಿನ ಮೂರೂ ಸ್ಪೀಕರ್ ಒಂದೇ ಸರಣಿಯವು ಆಗಿರಲಿ, ಇಲ್ಲವಾದರೆ ನಟ ಎಡದಿಂದ ಬಲಕ್ಕೆ ನಡೆಯುವಾಗ ಅವನ ದನಿಯೇ ಬದಲಾದಂತೆ ಆಗುತ್ತದೆ. ನನ್ನನ್ನು ಕೇಳಿದರೆ, ಹಣ ಕಡಿಮೆ ಇದ್ದಾಗ ಕಳಪೆಯ ಐದರ ಬದಲು ಮುಂದಿನ ಒಳ್ಳೆಯ ಮೂರನ್ನು ಕೊಂಡು, ಹಿಂದಿನ ಎರಡನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು.

ಕೂಡುವುದು, ಕಳೆಯುವುದು

ಟೆಲಿವಿಷನ್ ಕೆಲಸದಲ್ಲೂ ಬ್ಲಮ್‌ಲೈನ್ ಮುಂದಿದ್ದರು. 1936ರ ನವೆಂಬರ್‌ನಲ್ಲಿ ಬಿಬಿಸಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಪ್ರಸಾರ ಶುರು ಮಾಡಿದಾಗ ಇದ್ದ 405 ಗೆರೆಗಳ ವ್ಯವಸ್ಥೆಯಲ್ಲಿ ಅವರ ಪಾಲು ದೊಡ್ಡದು. ಅದೇ ವರ್ಷ ಎರಡು ಸಂಕೇತಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವ ಒಂದು ಪುಟ್ಟ ಸರ್ಕ್ಯೂಟಿಗೂ ಪೇಟೆಂಟ್ ಅರ್ಜಿ ಹಾಕಿದರು. ನಿಮ್ಮ ಆಂಪ್ಲಿಫೈಯರ್ ಒಳಗೂ ಫೋನಿನ ಚಿಪ್ಪಿನೊಳಗೂ ಅದರ ಮೊಮ್ಮಕ್ಕಳು ಇವತ್ತು ಕೆಲಸ ಮಾಡುತ್ತಿವೆ.

ಇದಕ್ಕೂ ಸರೌಂಡ್‌ಗೂ ಏನು ಸಂಬಂಧ? ಎಡ ಮತ್ತು ಬಲ ಸಂಕೇತಗಳನ್ನು ಕೂಡಿದರೆ ಎರಡರಲ್ಲೂ ಸಮಾನವಾಗಿರುವುದು ಎದ್ದು ಬರುತ್ತದೆ, ಕಳೆದರೆ ಎರಡರಲ್ಲಿ ಬೇರೆಯಾಗಿರುವುದು ಮಾತ್ರ ಉಳಿಯುತ್ತದೆ. ಈ ಕೂಡುವ ಕಳೆಯುವ ಉಪಾಯ 1931ರ ಪೇಟೆಂಟಿನಲ್ಲೇ ಇತ್ತು. ಮುಂದೆ ಡಾಲ್ಬಿಯವರು ಎರಡು ಚಾನೆಲ್‌ನೊಳಗೆ ನಾಲ್ಕನ್ನು ಅಡಗಿಸಿದಾಗ ಇದೇ ತತ್ವ ಬಂತು. ಕೂಡಿದ್ದು ಮಧ್ಯದ ಸ್ಪೀಕರಿಗೆ, ಕಳೆದದ್ದು ಹಿಂದಿನ ಸ್ಪೀಕರಿಗೆ.

ಖರ್ಚಿಲ್ಲದ ಒಂದು ಪರೀಕ್ಷೆ ಇಲ್ಲೇ ಹೇಳಿಬಿಡುತ್ತೇನೆ. ಸ್ಪೀಕರಿನ ಹಿಂದೆ ಕೆಂಪು ಕಪ್ಪು ತಂತಿಗಳಿರುತ್ತವೆ. ಎರಡರಲ್ಲಿ ಒಂದು ಸ್ಪೀಕರಿಗೆ ಮಾತ್ರ ಅವು ಅದಲು ಬದಲಾದರೆ ಎರಡು ಶಬ್ದಗಳು ಕೂಡುವ ಬದಲು ಕಳೆದುಹೋಗುತ್ತವೆ. ಬಾಸ್ ಮಾಯವಾಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ಚದುರುತ್ತದೆ. ನಮ್ಮ ಮನೆಯಲ್ಲಿ ಎಂಟು ತಿಂಗಳು ಹೀಗೇ ಇತ್ತು. ಜೋಡಿಸಿದ್ದು ನಾನೇ. ಹೊಸ ಸಬ್‌ವೂಫರ್ ಕೊಳ್ಳಲು ಹಣವನ್ನೂ ಕೂಡಿಡುತ್ತಿದ್ದೆ.

ಸಬ್‌ವೂಫರ್ ಎಂದಾಗ ನೆನಪಾಯಿತು. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಗುಡುಗು ಶಬ್ದದ ಒಂದು ಅಲೆಯ ಉದ್ದ 14 ಅಡಿ ದಾಟುತ್ತದೆ. ಅಷ್ಟು ಉದ್ದದ ಅಲೆಗೆ ನಮ್ಮ ಎರಡು ಕಿವಿಗಳ ನಡುವಿನ ಗೇಣುದ್ದದ ಅಂತರ ಲೆಕ್ಕಕ್ಕೇ ಇಲ್ಲ, ದಿಕ್ಕು ತಿಳಿಯುವುದು ಕಷ್ಟ. ಹಾಗಾಗಿ ಒಂದೇ ಸಬ್‌ವೂಫರ್ ಸಾಕು, ಅದನ್ನು ಟಿವಿಯ ಪಕ್ಕದಲ್ಲೇ ಇಡಬೇಕೆಂದಿಲ್ಲ. ಮೂಲೆಗೆ ತಳ್ಳಿದರೆ ಸದ್ದು ಹೆಚ್ಚುತ್ತದೆ, ಆದರೆ ಕೆಲವು ಕೋಣೆಗಳಲ್ಲಿ ಬರೀ ಗುಂಯ್ ಎನ್ನುತ್ತದೆ. ಸರಿಸಿ ಸರಿಸಿ ಕೇಳಿ ನೋಡುವುದೇ ದಾರಿ. ಸರೌಂಡ್ ಸ್ಪೀಕರ್‌ಗಳಿಗೆ ಆ ಸ್ವಾತಂತ್ರ್ಯ ಇಲ್ಲ. 5.1ರಲ್ಲಿ ಅವು ನಿಮ್ಮ ಕಿವಿಗಿಂತ ತುಸು ಹಿಂದೆ, ಮುಂಭಾಗದ ನೇರದಿಂದ 110 ಡಿಗ್ರಿಯಷ್ಟು ಪಕ್ಕಕ್ಕೆ ಇರಬೇಕು. ಐದನ್ನೂ ಟಿವಿಯ ಕೆಳಗೆ ಸಾಲಾಗಿ ಜೋಡಿಸಿಟ್ಟ ಮನೆಗಳನ್ನು ನೋಡಿದ್ದೇನೆ. ಅಲ್ಲಿ ಸರೌಂಡ್ ಎಂಬುದು ಡಬ್ಬದ ಮೇಲಷ್ಟೇ ಇರುತ್ತದೆ.

ಇನ್ನು ವ್ಯಾಟ್. ಡಬ್ಬದ ಮೇಲೆ ಪಿಎಂಪಿಒ ಎಂದು ಬರೆದಿದ್ದರೆ ಆ ಸಂಖ್ಯೆಯನ್ನು ಮರೆತುಬಿಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ, ತಯಾರಕರು ಬರೆದದ್ದೇ ಲೆಕ್ಕ. ಆರ್‌ಎಂಎಸ್ ಎಷ್ಟು ಎಂದು ಕೇಳಿ, ಅದು ಸತತವಾಗಿ ಕೊಡಬಲ್ಲ ಶಕ್ತಿ. ಅದನ್ನೂ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಎನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದಕ್ಕಿಂತ ಉಪಯೋಗದ ಪ್ರಶ್ನೆ ಸ್ಪೀಕರಿನ ಸೆನ್ಸಿಟಿವಿಟಿ ಎಷ್ಟು ಎಂಬುದು. 84 ಡೆಸಿಬೆಲ್‌ನ ಸ್ಪೀಕರ್, 90 ಡೆಸಿಬೆಲ್‌ನದ್ದರಷ್ಟೇ ಸದ್ದು ಮಾಡಬೇಕಾದರೆ ನಾಲ್ಕು ಪಟ್ಟು ಶಕ್ತಿ ಬೇಡುತ್ತದೆ. ಹಾಗೆಯೇ ಸ್ಪೀಕರಿನ ಓಮ್ ಎಷ್ಟೆಂದು ನೋಡಿ, ಅದು ಆಂಪ್ಲಿಫೈಯರ್‌ಗೆ ಹೊಂದಬೇಕು. 8 ಓಮ್‌ಗೆ ಮಾಡಿದ್ದಕ್ಕೆ 4 ಓಮ್ ಜೋಡಿಸಿದರೆ ಅದು ಬಿಸಿಯಾಗಿ ಕೈಕೊಡಬಹುದು.

ಒಂದು ನಟ್ಟು

ಯುದ್ಧ ಶುರುವಾದಾಗ ಬ್ಲಮ್‌ಲೈನ್ ರೇಡಾರ್ ಕೆಲಸಕ್ಕೆ ಇಳಿದರು. ರಾತ್ರಿಯ ಕತ್ತಲಲ್ಲಿ, ಮೋಡದ ಮೇಲೆ ಹಾರುವ ವಿಮಾನಕ್ಕೂ ಕೆಳಗಿನ ನೆಲದ ಚಿತ್ರ ಕಾಣುವಂತೆ ಮಾಡುವ ಎಚ್2ಎಸ್ ಎಂಬ ರೇಡಾರ್ ತಯಾರಾಗುತ್ತಿತ್ತು. 1942ರ ಜೂನ್ 7ರಂದು ಅದರ ಪರೀಕ್ಷೆಗಾಗಿ ಹ್ಯಾಲಿಫ್ಯಾಕ್ಸ್ ವಿಮಾನವೊಂದು ಡೆಫರ್ಡ್‌ನಿಂದ ಹಾರಿತು. ಬ್ಲಮ್‌ಲೈನ್ ಮತ್ತು ಅವರ ಇಬ್ಬರು ಇಎಂಐ ಸಹೋದ್ಯೋಗಿಗಳೂ ಸೇರಿ 11 ಜನ ಅದರಲ್ಲಿದ್ದರು. ಹಾರಾಟದ ನಡುವೆ ಬಲಗಡೆಯ ಎಂಜಿನ್ನಿಗೆ ಬೆಂಕಿ ಹತ್ತಿತು, ಆರಿಸಲಾಗಲಿಲ್ಲ. ಹೆರಿಫರ್ಡ್‌ಷೈರಿನ ವೆಲ್ಷ್ ಬಿಕ್ನರ್ ಬಳಿ ವಿಮಾನ ನೆಲಕ್ಕಪ್ಪಳಿಸಿ ಎಲ್ಲರೂ ಸತ್ತರು. ತಪಾಸಣೆಯ ವೇಳೆ ಎಂಜಿನ್ನಿನ ಒಂದು ನಟ್ಟನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ, ಅದರಿಂದ ವಾಲ್ವ್ ಮುರಿದು ಬೆಂಕಿ ಹುಟ್ಟಿತ್ತು ಎಂದು ಆಮೇಲಿನ ತನಿಖೆಯಲ್ಲಿ ತಿಳಿಯಿತು. ಬ್ಲಮ್‌ಲೈನ್‌ಗೆ ಇನ್ನೂ 39 ತುಂಬಿರಲಿಲ್ಲ. ಡೋರೀನ್ ಮತ್ತು ಇಬ್ಬರು ಗಂಡುಮಕ್ಕಳು ಉಳಿದರು.

ಶತ್ರುಗಳಿಗೆ ತಿಳಿಯಬಾರದೆಂದು ಸಾವಿನ ಸುದ್ದಿಯನ್ನು ಗುಟ್ಟಾಗಿಡಲಾಯಿತು. 128 ಪೇಟೆಂಟುಗಳಿದ್ದ ಮನುಷ್ಯನ ಹೆಸರು ಜನರಿಗೆ ತಿಳಿಯದೇ ಹೋಗಲು ಇದೂ ಒಂದು ಕಾರಣ. ಅವರಿಲ್ಲದೆಯೂ ಕೆಲಸ ಮುಂದುವರಿದು 1943ರ ಜನವರಿಯಲ್ಲಿ ಎಚ್2ಎಸ್ ಯುದ್ಧಕ್ಕೆ ಇಳಿಯಿತು.

ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದದ್ದು 1957-58ರಲ್ಲಿ. ಗೀರಿನ ಎರಡು ಗೋಡೆಗಳಲ್ಲಿ 45 ಡಿಗ್ರಿ ಓರೆಯಾಗಿ ಎರಡು ಚಾನೆಲ್ ಕೆತ್ತುವ ವಿಧಾನವನ್ನೇ ಉದ್ಯಮ ಒಪ್ಪಿಕೊಂಡಿತು, ಬ್ಲಮ್‌ಲೈನ್ ಅದನ್ನು ಬರೆದಿಟ್ಟು ಕಾಲು ಶತಮಾನ ಕಳೆದಿತ್ತು. 2017ರಲ್ಲಿ ಅವರಿಗೆ ಮರಣೋತ್ತರವಾಗಿ ತಾಂತ್ರಿಕ ಗ್ರ್ಯಾಮಿ ಸಿಕ್ಕಿತು.

ಹೇಯ್ಸ್ ನಿಲ್ದಾಣದ ಆ ರೈಲುಗಳ ಚಿತ್ರ ಇನ್ನೂ ಉಳಿದಿದೆ, ಐದು ನಿಮಿಷ ಚಿಲ್ಲರೆ. 8ಡಿ ಹಾಡು ಕಳುಹಿಸಿದವರಿಗೆ ತಿರುಗಿ ಕಳುಹಿಸಲು ಒಳ್ಳೆಯದು. ಕೇಳುವಾಗ ಹೆಡ್‌ಫೋನಿನ ಎಡ ಬಲ ಸರಿಯಾಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ರೈಲು ಒಂದು ಕಡೆ, ಸದ್ದು ಇನ್ನೊಂದು ಕಡೆ ಹೋಗುತ್ತದೆ.